ಚಕ್ಕೆ

ಫಾಲ್ಮತ್ ಬಂದರಿನಲ್ಲಿ ಮೂವತ್ತೊಂಬತ್ತು ವರ್ಷ
ನನ್ನ ಗಂಡ ಡೆಂಜಿಲ್ ಮಾಡಿದ್ದು ಒಂದೇ ಕೆಲಸ:
ಹಡಗಿನ ಮೈಯ ತುಕ್ಕು ಕೆರೆಯುವುದು,
ಕೆರೆದಲ್ಲಿ ಕೆಂಪು, ಕೆಂಪಿನ ಮೇಲೆ ಬೂದು,
ಬೂದಿನ ಮೇಲೆ ಕಂಪನಿ ಹೇಳಿದ ಬಣ್ಣ.
ಮನೆಗೆ ಬಂದರೆ ಕಿವಿಯ ಹಿಂದೆ ಚಕ್ಕೆ,
ಸಾಬೂನಿಗೆ ಅಂಟಿದ ಚಕ್ಕೆ, ದಿಂಬಿನ ಮೇಲೆ ಚಕ್ಕೆ.
ಎಷ್ಟು ಗುಡಿಸಿದೆನೋ.

ಈಗ ಅವನು ನಿವೃತ್ತ. ನಾನು
ಅಡುಗೆಮನೆಯ ಮೇಜಿನ ಮೇಲೆ
ತುಕ್ಕು ತಯಾರಿಸುತ್ತೇನೆ.

ನಗಬೇಡಿ. ಅದಕ್ಕೂ ಒಂದು ಕ್ರಮವಿದೆ.
ದಪ್ಪ ರಟ್ಟು. ಅದರ ಮೇಲೆ ಹರಿದ ಹಾಳೆ.
ಕತ್ತರಿ ಕೂಡದು, ಕೈಯಲ್ಲೇ ಹರಿಯಬೇಕು,
ಅಂಚಿನಲ್ಲಿ ಕಾಗದದ ಬಿಳಿ ನಾರು ಕಾಣಬೇಕು.
ನನ್ನ ಬಳಿ ಇದ್ದದ್ದು ಹೋದ ವರ್ಷದ ಉಬ್ಬರವಿಳಿತದ ಪಟ್ಟಿ:
ಮಂಗಳವಾರ, ಬೆಳಗ್ಗೆ ಐದೂ ನಲವತ್ತು,
ಐದು ಮೀಟರು, ಚಿಲ್ಲರೆ.
ಸಮುದ್ರ ಬಂದು ಹೋಗಿಯಾಯಿತು, ಅಂಕಿ ಉಳಿದಿದೆ.

ಅದರ ಮೇಲೆ ಸುಣ್ಣದಂಥ ಜೆಸ್ಸೊ. ಅರ್ಧ ಒಣಗುವಾಗ
ಬಿಸ್ಕತ್ತಿನ ಪೊಟ್ಟಣದ ಸುಕ್ಕುರಟ್ಟು ಒತ್ತಿ ಎತ್ತಿದರೆ
ಉತ್ತ ನೆಲದ ಹಾಗೆ ಸಾಲು ಸಾಲು.
ಅಲ್ಲಲ್ಲಿ ಮೇಣದಬತ್ತಿ ಉಜ್ಜುತ್ತೇನೆ; ಅಲ್ಲಿ ಬಣ್ಣ ನಿಲ್ಲುವುದಿಲ್ಲ,
ಕೂತ ಹಾಗೆ ಮಾಡಿ ಎದ್ದು ಹೋಗುತ್ತದೆ
ನನ್ನ ನಾದಿನಿ ಲವ್‌ಡೇಯ ಹಾಗೆ.

ಅವಳೇ ಕೇಳಿದ್ದು: ಹೊಸ ಕಾಗದವನ್ನು
ಹೊಡೆದು ಬಡಿದು ಹಳೆಯದು ಮಾಡುವುದೇಕೆ?
ಸುಮ್ಮನೆ ಬಿಟ್ಟರೆ ತಾನೇ ಹಳೆಯದಾಗುತ್ತದಲ್ಲ?
ಆಗುತ್ತದೆ, ಲವ್‌ಡೇ.
ನಾನು ನೋಡುವಷ್ಟರಲ್ಲಿ ಆಗುವುದಿಲ್ಲ.
ನನಗೆ ಎಪ್ಪತ್ತೊಂದು.

ಗೋಂದು ಬಳಿದು, ಅದು ಅಂಟಂಟಾಗಿರುವಾಗಲೇ
ನೀಲಿ. ಆಮೇಲೆ ಕೂದಲೊಣಗಿಸುವ ಯಂತ್ರದ ಬಿಸಿಗಾಳಿ.
ಸದ್ದಿಲ್ಲದೆ ಬಿರುಕು ಓಡುತ್ತದೆ,
ಕೆನೆಗಟ್ಟಿದ ಹಾಲಿಗೆ ಚಮಚ ತಾಗಿದಂತೆ.
ಕೊನೆಗೆ ತುಕ್ಕು: ಕಿತ್ತಳೆ, ಕಂದು, ಕಾಫಿಯ ಗಸಿ,
ಮತ್ತೆ ಕೇಕಿನ ಸಾಮಾನಿನ ಡಬ್ಬಿಯಿಂದ
ಒಂದು ಚಮಚ ಚಕ್ಕೆ ಪುಡಿ.
ಮನೆಯೆಲ್ಲ ಕ್ರಿಸ್‌ಮಸ್ ವಾಸನೆ; ತಿಂಗಳು ಜೂನ್.

ಡೆಂಜಿಲ್ ಚಹಾ ಹಿಡಿದು ಬಂದ. ನೋಡಿದ.
ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ.
"ಮೊರ್ವೆನಾ, ತುಕ್ಕು ಹೀಗೆ ಬರುವುದಿಲ್ಲ" ಅಂದ.
"ನೀನು ಸಕ್ಕರೆ ಉದುರಿಸಿದಂತೆ ಉದುರಿಸಿದ್ದೀಯ.
ಅದು ಕಳ್ಳ. ಮೊದಲು ಬೆಸುಗೆಯ ಸಂದಿ ಹಿಡಿಯುತ್ತದೆ,
ಮೊಳೆಯ ಸುತ್ತ ಕೂರುತ್ತದೆ, ಆಮೇಲೆ ಅಳುತ್ತದೆ,
ಯಾವಾಗಲೂ ಕೆಳಮುಖ. ಮೇಲಕ್ಕೆ ಅತ್ತ ತುಕ್ಕನ್ನು
ನಾನಂತೂ ನೋಡಿಲ್ಲ."

ತನ್ನ ಕೆಲಸದ ಬಗ್ಗೆ ಅವನು ನನ್ನೊಡನೆ
ಇಷ್ಟು ಮಾತಾಡಿದ್ದು ಇದೇ ಮೊದಲು.
ನಾನು ಕುಂಚ ತೊಳೆಯಲು ಎದ್ದೆ. ಒಪ್ಪಿಕೊಂಡ ಮುಖವನ್ನು
ತಕ್ಷಣ ತೋರಿಸಬಾರದು.

ರಾತ್ರಿ ಒಣಗಲು ಬಿಟ್ಟು ಮಲಗಿದೆ.
ಬೆಳಗ್ಗೆ ನೋಡಿದರೆ ಬಲಮೂಲೆ ಬೋಳು.
ಪಕ್ಕದಲ್ಲಿ ಅವನು ಸೇಬು ಹೆಚ್ಚುವ ಚಾಕು,
ಮೇಜಿನ ಮೇಲೆ ಅಚ್ಚುಕಟ್ಟಾಗಿ ರಾಶಿ ಮಾಡಿದ ಚಕ್ಕೆ,
ಚಕ್ಕೆಯಲ್ಲಿ ಚಕ್ಕೆಯ ಘಮ.
ಬಾಗಿಲಲ್ಲಿ ಅವನು, ಲೋಟ ಒಡೆದ ಹುಡುಗನಂತೆ:
"ನಿದ್ದೆ ಬರಲಿಲ್ಲ. ಕೂತಿದ್ದೆ. ಎದುರಿಗೆ ತುಕ್ಕು.
ಕೈ ತಾನೇ ಹೋಯಿತು."

ಬೈಯಲು ಬಾಯಿ ತೆರೆದವಳು
ರಟ್ಟನ್ನು ಕಿಟಕಿಯ ಕಡೆ ವಾಲಿಸಿದೆ.
ಕೆರೆದಲ್ಲಿ ನೀಲಿಯ ದಡ, ಅದರೊಳಗೆ ಬಿಳಿಯ ದಡ,
ಅದಕ್ಕೂ ಒಳಗೆ, ಸಾಲುಗಳ ನಡುವೆ,
ಐದೂ ನಲವತ್ತು.
ಮರಳುಕಾಗದ ಹಿಡಿದು ವಾರವೆಲ್ಲ ಉಜ್ಜಿದ್ದರೂ
ನನ್ನ ಕೈಗೆ ಬರುತ್ತಿರಲಿಲ್ಲ ಆ ಅಂಚು.

ಹಿಂಬದಿಯಲ್ಲಿ ಎರಡು ಹೆಸರು ಬರೆದಿದ್ದೇನೆ,
ನನ್ನದು ಮೊದಲು.
ಎಡಮೂಲೆಯನ್ನೂ ಬಿಟ್ಟುಕೊಡುತ್ತೇನೆ ಅಂದಿದ್ದೇನೆ
ಒಂದು ಷರತ್ತಿನ ಮೇಲೆ:
ನಮ್ಮ ಗೇಟಿನ ತುಕ್ಕು. ನಿಜವಾದದ್ದು.
ನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ.