ಹತ್ತಾಣೆ ಗಾಳಿ

ಬೊಲಿವಿಯಾದ ಎಲ್ ಆಲ್ತೊ ಊರಲ್ಲಿ ಗಾಳಿ,
ನಮ್ಮ ಹಳೇ ಲೆಕ್ಕದಲ್ಲಿ ಹೇಳುವುದಾದರೆ,
ರೂಪಾಯಿಗೆ ಹತ್ತಾಣೆ.
ಮಿಕ್ಕ ಆರಾಣೆ ಎತ್ತರವೇ ಮುರಿದುಕೊಳ್ಳುತ್ತದೆ.
ಕಡಲ ಮಟ್ಟದಲ್ಲಿ ಹುಲಿಯಾಗಿದ್ದ ಎಂಜಿನ್
ಇಲ್ಲಿಗೆ ಬಂದು ಕೆಮ್ಮುತ್ತದೆ;
ಆಲೂಗಡ್ಡೆ ಬೇಯುವುದಕ್ಕೂ ತಡ.

ಫೋರ್ತುನಾತಾ ಕಲಿಸಾಯಾಗೆ ಇದು ಗೊತ್ತು.
ತಗಡಿನ ಷೆಡ್ಡು, ನೆರಿಗೆ ಲಂಗದ ಮೇಲೆ ಚರ್ಮದ ಏಪ್ರನ್ನು,
ಬೆಸುಗೆಯ ಕನ್ನಡಕ ಹಣೆಯ ಮೇಲೆ.
ಮೊದಲ ವರ್ಷ ಕಾರಿಗೆ ಹಾಕಿದ್ದು ದೊಡ್ಡದನ್ನು:
ಪೊತೊಸಿಯ ಗಣಿಯಿಂದ ಅದಿರು ಹೊತ್ತು ಸೋತ
ಲಾರಿಯೊಂದರ ಟರ್ಬೊ, ಕುಂಬಳಕಾಯಿ ಗಾತ್ರ.
ಕಾರು ಹೊರಟಿತು. ಹೊರಟಿತು ಅನ್ನಬೇಕಷ್ಟೆ.
ಏರಿನಲ್ಲಿ ತರಕಾರಿ ವ್ಯಾನು ಹಾರ್ನ್ ಹೊಡೆದು ಮುಂದೆ ಹೋಯಿತು.
ಎಷ್ಟೋ ಹೊತ್ತಿನ ಮೇಲೆ, ಯಾರೂ ಕರೆಯದಿದ್ದಾಗ,
ತಿರುವಿನ ನಟ್ಟನಡುವೆ
ಅದಕ್ಕೆ ಎಚ್ಚರವಾಯಿತು.
ಚರಂಡಿಯಿಂದ ಎತ್ತಲು ಆರು ಜನ ಬೇಕಾಯಿತು.

ಎರಡನೆಯ ವರ್ಷ ಚಿಕ್ಕದು, ಮೂಸಂಬಿಯಷ್ಟು.
ಕಾಲಿಟ್ಟರೆ ಸಾಕು, ಶಿಳ್ಳೆ.
ಮೂರನೇ ಗೇರಿಗೆ ಉಸಿರು ಮುಗಿದು
ಶಿಳ್ಳೆ ಮಾತ್ರ ಉಳಿಯಿತು.

ಈ ವರ್ಷ ಎರಡೂ.
"ಕೂಡಿಸ್ತೀಯಾ ಚಿಕ್ಕಮ್ಮ?" ಎಂದ ಅಕ್ಕನ ಮಗ ಗ್ರೋವರ್.
"ಕೂಡಿಸೋದಲ್ಲ, ಗುಣಿಸೋದು."

ಹೊಗೆಯ ದಾರಿ ಒಂದು, ಗಾಳಿಯ ದಾರಿ ಇನ್ನೊಂದು,
ಎರಡೂ ಎದುರುಬದುರು.
ಎಂಜಿನ್ ಉಗುಳಿದ ಹೊಗೆ, ಇನ್ನೂ ಕೆಂಡದ ಬಿಸಿ,
ಮೊದಲು ತಟ್ಟುವುದು ಚಿಕ್ಕದರ ಕದ.
ಅದರ ಚಕ್ರ ಹಗುರ, ಊದಿದರೆ ತಿರುಗುತ್ತದೆ.
ಉಳಿದ ಸಿಟ್ಟನ್ನು ದೊಡ್ಡದರ ಮೇಲೆ ತೀರಿಸಿ
ಆಮೇಲೆ ಕೊಳವೆ, ಆಮೇಲೆ ಆಕಾಶ.
ಗಾಳಿ ಮಾತ್ರ ಮೊದಲು ದೊಡ್ಡದರ ಬಾಯಿಗೆ.
ಹತ್ತಾಣೆ ಒಳಗೆ ಹೋಗಿ, ಎರಡೂವರೆ ಪಟ್ಟಾಗಿ,
ಇಪ್ಪತ್ತೈದಾಣೆ ಹೊರಗೆ.
ಆ ಇಪ್ಪತ್ತೈದನ್ನು ಚಿಕ್ಕದು ಹಿಡಿದು, ಹಿಂಡಿ, ಇಮ್ಮಡಿಸಿ
ಐವತ್ತು.
ಮೂರು ರೂಪಾಯಿ ಎರಡಾಣೆ!
ಗ್ರೋವರ್ ತನ್ನದೇ ಲೆಕ್ಕದಲ್ಲಿ
ಬೆರಳು ಮಡಿಸಿ ಎಣಿಸಿದ, ಬಿಚ್ಚಿ ಮತ್ತೆ ಎಣಿಸಿದ.
ಎರಡರಲ್ಲಿ ಯಾವುದಕ್ಕೂ ಬೆನ್ನು ಮುರಿಯುವಷ್ಟು ಹೊರೆಯಿಲ್ಲ.

ಒತ್ತಿದ ಗಾಳಿ ಕಾಯುತ್ತದೆ,
ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆ ಗೊತ್ತು.
ಅದಕ್ಕೇ ನಡುವೆ ಒಂದು, ಕೊನೆಗೆ ಒಂದು, ತಣಿಸುವ ಜಾಲರಿ.
ಮತ್ತೊಂದು ಕಳ್ಳಬಾಗಿಲು ಬೇರೆ:
ದೊಡ್ಡದು ಎದ್ದ ಮೇಲೂ
ಹೊಗೆಯ ಹೊಳೆಯೆಲ್ಲ ಚಿಕ್ಕದರೊಳಗೇ ಹಾಯ್ದರೆ
ಅದು ಚೂರುಚೂರು.
ಪಕ್ಕದಿಂದ ದಾಟಿಸಬೇಕು. ಎಷ್ಟು ಒತ್ತಡಕ್ಕೆ ತೆರೆಯಬೇಕು?
ಸ್ಪ್ರಿಂಗು ಬಿಗಿದು, ಸಡಿಲಿಸಿ, ಹನ್ನೊಂದು ರಾತ್ರಿ.
ಹನ್ನೆರಡನೆಯ ರಾತ್ರಿ ಪೈಪೊಂದು ಕ್ಲಿಪ್ಪು ಕಿತ್ತು ಹಾರಿ
ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಓಡಿಸಲು ಬಂದವನು ಓಸ್ಮಾರ್, ತಗ್ಗಿನ ಸಾಂತಾ ಕ್ರೂಸಿನವನು.
ಎರಡು ದಿನದಿಂದ ತಲೆನೋವು, ಊಟ ಸೇರದು,
ಶೂ ಲೇಸು ಕಟ್ಟಿ ಎದ್ದರೆ ಏದುಸಿರು.
ಬಾವುಟ ಬಿತ್ತು.
ಮೊದಲು ಸಣ್ಣ ಶಿಳ್ಳೆ.
ಅದರ ಕೆಳಗೆಲ್ಲೋ ಬೀಸುವ ಕಲ್ಲಿನ ದನಿ.
ಎರಡೂ ಸೇರಿದ್ದು ಯಾವ ಗಳಿಗೆ ಎಂದು
ಸ್ಟಿಯರಿಂಗ್ ಹಿಡಿದವನಿಗೂ ತಿಳಿಯಲಿಲ್ಲ.
ಅದೇ ತರಕಾರಿ ವ್ಯಾನಿನವನು
ರಸ್ತೆಬದಿಯಲ್ಲಿ ಟೋಪಿ ಹಿಡಿದುಕೊಂಡು ನಿಂತಿದ್ದ.

ಮೂರನೆಯ ಸ್ಥಾನ.
ಕಣಿವೆಯ ನೆತ್ತಿಯಲ್ಲಿ ಓಸ್ಮಾರ್ ಬಾಗಿಲು ತೆರೆದು, ಕಾಲು ಹೊರಗಿಟ್ಟು,
ಬುಟ್ಟಿಗೆ ಬಿದ್ದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದ.
ಕಾರಿಗೆ ಐವತ್ತರ ಹತ್ತಿರ,
ಅವನ ಪಾಲಿಗೆ ಇಲ್ಲಿ ಒಂಬತ್ತೇ ಆಣೆ.
ಕೀಲಿಗೆ ಕೈ ಹಾಕಿದ.
ಜೀಪಿನಲ್ಲಿ ಬಂದು ಕಾದಿದ್ದ ಫೋರ್ತುನಾತಾ
"ಆರಿಸಬೇಡ" ಎಂದಳು.
ಒಳಗೆ ಇನ್ನೂ ಕೆಂಪು ಕಾದಿದೆ;
ಎಣ್ಣೆ ನಿಂತರೆ ಅಲ್ಲೇ ಸುಟ್ಟು ಕರಕಲು.
ಮೂರು ನಿಮಿಷ ಸುಮ್ಮನೆ ತಿರುಗಲಿ.

ಅವನ ಅಂಗೈಗೆ ನಾಲ್ಕು ಕೋಕಾ ಎಲೆ ಹಾಕಿ
ತಾನೂ ಬಾಗಿಲಿಗೆ ಒರಗಿದಳು,
ಹುಟ್ಟಿದಾಗಿನಿಂದ ಇದೇ ಗಾಳಿ ಉಂಡವಳು,
ಎಂಜಿನ್ನಿನ ಉಸಿರಿಗೋ ಅವನ ಉಸಿರಿಗೋ ಕಿವಿಗೊಟ್ಟು,
ಗಡಿಯಾರ ನೋಡುತ್ತ.