ಚುಕ್ಕಿ ಬರುವ ಮೊದಲು

ಗದ್ದ ಇಲ್ಲಿಡಿ, ಹಣೆ ಈ ಪಟ್ಟಿಗೆ ಒತ್ತಲಿ,
ತಲೆ ಅಲ್ಲಾಡಬಾರದು ಜೈತುನ್‌ಬಿ,
ನಡುವಿನ ಗುರುತನ್ನೇ ನೋಡುತ್ತಿರಿ.
ಕೆಂಪು ಚುಕ್ಕಿ ಎಡಕ್ಕೋ ಬಲಕ್ಕೋ ಬರುತ್ತದೆ,
ಬಂದ ಮೇಲೆ ಮಾತ್ರ ಕಣ್ಣು ಅತ್ತ.

ಹೂಂ ಅಂದರು.
ನನ್ನ ಪ್ರಬಂಧಕ್ಕೆ ಐವತ್ತು ಜೋಡಿ ಕಣ್ಣು ಬೇಕು,
ಇವರದು ಮೂವತ್ತೊಂದನೆಯದು.
ದಾವಣಗೆರೆಯ ಮೇ ತಿಂಗಳು, ಕತ್ತಲೆ ಕೋಣೆ,
ಮಾನಿಟರಿನಲ್ಲಿ ಅವರ ಪಾಪೆ ಅಂಗೈಯಗಲ,
ಸುತ್ತ ಹೊಗೆ ಕುಡಿದ ಬಿಳುಪು.

ಚುಕ್ಕಿ ಇನ್ನೂ ಹುಟ್ಟಿಲ್ಲ.
ಕಣ್ಣು ಆಗಲೇ ಹೋಗಿಬಂತು
ಎಡಕ್ಕೆ, ತುಸು ಕೆಳಕ್ಕೆ.
ಮತ್ತೊಮ್ಮೆ. ಮತ್ತೂ ಒಮ್ಮೆ.
ಬಲಕ್ಕೆ ಚುಕ್ಕಿ ಇಟ್ಟರೂ
ಮೊದಲು ಎಡಕ್ಕೇ ನುಗ್ಗಿ ಆಮೇಲೆ ತಿರುಗುತ್ತದೆ,
ಮಾರಿದ ಮೇಲೂ ಹಳೇ ಹಟ್ಟಿಗೆ ಹೋಗಿ
ಬೈಸಿಕೊಂಡು ಬರುವ ಮೇಕೆಯಂತೆ.
ಫಾರಮ್ಮಿನಲ್ಲಿ ಬರೆಯುತ್ತ ಹೋದೆ: ತಪ್ಪು, ತಪ್ಪು.
ಹದಿನೆಂಟಾಯಿತು.

‘ಬರೋ ಮೊದ್ಲೇ ಯಾಕಮ್ಮಾ ನೋಡ್ತೀರಾ?’

‘ಅರಳಿದ್ ಮ್ಯಾಲೆ ನೋಡಿದ್ರೆ
ಮಂಡಕ್ಕಿ ಸೀದೋಗಿರತೈತಪ್ಪಾ.’

ಇಪ್ಪತ್ತಾರು ವರ್ಷದ ಭಟ್ಟಿ.
ಎಡಕ್ಕೆ ಬಾಣಲೆ, ಕಾದ ಮರಳು, ಉಪ್ಪು ಹಚ್ಚಿದ ಅಕ್ಕಿ.
ಅರಳುವುದಕ್ಕೂ ಕರಿಕಾಗುವುದಕ್ಕೂ ನಡುವೆ
ಅರ್ಧ ರೆಪ್ಪೆಯಷ್ಟು ಹೊತ್ತು,
ಅಷ್ಟರಲ್ಲಿ ಎತ್ತಿ ಜರಡಿಗೆ ಸುರಿಯಬೇಕು.
ಬಲಕ್ಕೆ ಒಲೆಯ ಬಾಯಿ. ಅತ್ತ ನೋಡುವಂತಿಲ್ಲ.
ಒಮ್ಮೆ ನೋಡಿದ್ದಕ್ಕೆ
ಹುಬ್ಬಿನ ಮೇಲೆ ಕೂದಲಿಲ್ಲದ ಬಿಳಿ ಗೆರೆ,
ಮಗಳ ಮದುವೆ ಫೋಟೊದಲ್ಲೂ ಬಂದಿದೆಯಂತೆ.
ಭಟ್ಟಿ ಬಿಟ್ಟು ಎರಡು ರಂಜಾನ್ ಕಳೆದವು,
ಕಣ್ಣಿಗೆ ಯಾರೂ ಹೇಳಿಲ್ಲ.

ಕಣ್ಣು ತಿರುಗಿಸಲು ಆರು ಸ್ನಾಯುಗಳು
ಎಂದು ಓದಿ ಪಾಸಾದವನು ನಾನು.
ಒಲೆಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ.
‘ತಪ್ಪು’ ಹೊಡೆದು ಹಾಕಿ ಬೇರೇನೋ ಬರೆಯಹೋದೆ,
ಅದಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ.
ಚಹಾ ಕುಡಿದು ಅವರು ಎದ್ದರು,
ಇನ್ನೂರು ರೂಪಾಯಿ ಎಣಿಸಿ ಸೆರಗಿಗೆ ಕಟ್ಟಿ
ಬಾಗಿಲ ಹತ್ತಿರ ನಿಂತು ಕೇಳಿದರು:
‘ಪಾಸಾ, ಫೇಲಾ?’

ಸಂಜೆ ಸ್ಕೂಟಿಯಲ್ಲಿ ಹೊಂಡದ ಸರ್ಕಲ್ ದಾಟುವಾಗ
ಇವತ್ತು ನೋಡಬಾರದೆಂದು ಕತ್ತು ಬಿಗಿಹಿಡಿದೆ.
ಆರನೇ ಕ್ಲಾಸಿನಲ್ಲಿ ನಾಯಿ ಕಚ್ಚಿದ ಸಂದು ಅದು.
ಈಗಲ್ಲಿ ಮೊಬೈಲ್ ಅಂಗಡಿ, ನೀಲಿ ದೀಪ,
ಕವರು ಆರಿಸುತ್ತ ನಿಂತ ಇಬ್ಬರು ಹುಡುಗಿಯರು.
ಇಷ್ಟೆಲ್ಲ ನನಗೆ ಹೇಗೆ ಗೊತ್ತು?

ನಾಯಿ ಸತ್ತೇ ಹದಿನಾಲ್ಕು ವರ್ಷ.
ರಾಜ ಅಂತ ಕರೆಯುತ್ತಿದ್ದರು. ಕೆಂಚು ಬಣ್ಣ,
ಎಡಗಿವಿ ಸ್ವಲ್ಪ ಹರಿದಿತ್ತು.