ಸ್ಟಾಕ್ ಇಲ್ಲ

ಸಂತೆಯ ಜನದ ನಡುವೆಯೂ ದರ್ಜಿಗೆ
ತಾನು ಹೊಲಿದ ಅಂಗಿ ಕಾಣುತ್ತದಂತೆ.
ನನಗೆ ಈ ಊರಿನ ಕೆನ್ನೆಗಳು ಕಾಣುತ್ತವೆ.
ಗೋಪಿ ಸರ್ಕಲ್ಲಿನಿಂದ ದುರ್ಗಿಗುಡಿಯವರೆಗೆ
ನಡೆದರೆ ಸಾಕು:
ಹೂ ಮಾರುವವಳ ಹಣೆ,
ಬ್ಯಾಂಕಿನ ಮೇಡಮ್ಮಿನ ಮೇಲ್ತುಟಿ,
ಟೆಂಪೋ ನಿಂಗರಾಜನ ಬಲಗೆನ್ನೆ
(ಅವನದು ಬರೀ ಕಿಟಕಿಯ ಬಿಸಿಲು).
ಮಿಕ್ಕವರೆಲ್ಲ ನನ್ನ ಗಿರಾಕಿಗಳು.

ಬಂಗು.
ಅಜ್ಜಿಯರು ಹೆಸರಿಟ್ಟು ಸುಮ್ಮನಾಗಿದ್ದರು.
ಬಸುರಿಯ ಮುಖಕ್ಕೆ ಬರುತ್ತದೆ,
ಕೆಲವರಿಗೆ ತಾನಾಗಿ ಹೋಗುತ್ತದೆ,
ಕೆಲವರಲ್ಲಿ ಬಾಡಿಗೆಗೆ ಬಂದು
ಮನೆಯೇ ತನ್ನದೆನ್ನುತ್ತದೆ.
ನಮ್ಮ ಕಾಲಕ್ಕೆ ಅದಕ್ಕೊಂದು ಟ್ಯೂಬು ಬಂತು,
ಇಪ್ಪತ್ತು ಗ್ರಾಂ, ಗುಲಾಬಿ ಮುಚ್ಚಳ.
ಡಬ್ಬಿಯ ಮೇಲೆ ಕೆಂಪು ಗೆರೆ,
ಗೆರೆಯ ಪಕ್ಕ ಇರುವೆ ಗಾತ್ರದ ಅಕ್ಷರ.
ಆ ಇರುವೆಗಳನ್ನು ಓದಿಯೇ
ನಾನು ಡಿ. ಫಾರ್ಮಾ ಪಾಸಾಗಿದ್ದು.
ಡಾಕ್ಟರ ಚೀಟಿ ಇದೆಯಾ ಅಂತ ಕೇಳಬೇಕಿತ್ತು.
ಚಿಲ್ಲರೆ ಇದೆಯಾ ಅಂತ ಕೇಳುತ್ತಿದ್ದೆ.

ಜಬೀನಾ ಹೋಮ್‌ಗಾರ್ಡು.
ಅಂಗಡಿಯ ಎದುರೇ ಡ್ಯೂಟಿ,
ಬೆಳಗ್ಗೆ ಎಂಟರಿಂದ, ಸಿಗ್ನಲ್ಲಿನ ಬುಡದಲ್ಲಿ.
ಎರಡನೇ ಹೆರಿಗೆ ಮುಗಿಸಿ ಬಂದಾಗ
ಮೂಗಿನ ಆಚೀಚೆ ಕಾಫಿ ಚೆಲ್ಲಿದ ಹಾಗಿತ್ತು.
ನಿಂಬೆಹಣ್ಣು ಉಜ್ಜಿ ಸುಟ್ಟುಕೊಂಡಿದ್ದಳು.
ಆಲೂಗಡ್ಡೆ ಮುಗಿದಿತ್ತು, ಕಡಲೆಹಿಟ್ಟು ಮುಗಿದಿತ್ತು,
ನಾದಿನಿಯ ಮಾತು ಮುಗಿದಿರಲಿಲ್ಲ.
ನಾನು ಟ್ಯೂಬು ಕೊಟ್ಟೆ.
ಹದಿನೈದು ದಿನಕ್ಕೆ ಹೊಳೆಯುತ್ತ ಬಂದು
"ನಿಮ್ಮ ಕೈಗುಣ ಅಣ್ಣಾ" ಅಂದಳು.
ಆ ಮಾತನ್ನೂ ಗಲ್ಲಾಕ್ಕೆ ಹಾಕಿಕೊಂಡೆ.

ಎಂಟು ತಿಂಗಳು. ಹನ್ನೊಂದು ಟ್ಯೂಬು.
ಬಿಟ್ಟರೆ ಕಪ್ಪು, ಹಚ್ಚಿದರೆ ಉರಿ.
ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ
ಒಳಗಿನ ಕೆಂಪು ಎಳೆಗಳು,
ಕೂಡಲಿಗೆ ಮುಂಚಿನ ತುಂಗೆ ಭದ್ರೆಯರ ಹಾಗೆ,
ಬೇರೆ ಬೇರೆಯಾಗಿ ಹರಿಯುತ್ತಿದ್ದವು.
"ಇದಕ್ಕಿಂತ ಸ್ಟ್ರಾಂಗ್ ಇರೋದು ಕೊಡಿ."

ನನ್ನ ನಾಲಿಗೆಗೆ ಮೊದಲು ಬಂದದ್ದು ಬೆಲೆ.
ಇದನ್ನು ಯಾರಿಗೂ ಹೇಳಿಲ್ಲ.
ಆಮೇಲೆ, ಮಾತ್ರೆ ಕವರಿನ ಮೇಲೆ ಬರೆದೆ:
ಜಿಲ್ಲಾಸ್ಪತ್ರೆ, ಚರ್ಮದ ವಿಭಾಗ, ನಾಳೆಯೇ.
ಹಚ್ಚಿದ್ದನ್ನೆಲ್ಲ ಮುಚ್ಚಿಡದೆ ಹೇಳು.
ಬಿಡುವುದು ಹೇಗೆಂದು ಅವರನ್ನೇ ಕೇಳು.
ಓದಿದಳು. ಮಡಚಿದಳು.
"ಇಷ್ಟು ದಿನ ಗೊತ್ತಿತ್ತಾ ಅಣ್ಣಾ?"
ನಮ್ಮ ಅಂಗಡಿಯ ಫ್ರಿಜ್ಜು ಅಷ್ಟು ಜೋರಾಗಿ
ಗುರುಗುಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಳೆಗಾಲವಿಡೀ ಒಳಗೆ ಕಾಲಿಡಲಿಲ್ಲ.
ಎದುರೇ ಇರುತ್ತಿದ್ದಳು, ಬೆನ್ನು ಹಾಕಿ,
ಟೋಪಿಯ ಕೆಳಗೆ ದುಪಟ್ಟಾ ಸುತ್ತಿ
ಕಣ್ಣು ಮಾತ್ರ ಬಿಟ್ಟು, ಮೋಡದ ದಿನವೂ.
ಯಾರೋ ಸರಿಯಾಗಿ ಹೇಳಿಕೊಟ್ಟಿದ್ದಾರೆ ಅಂದುಕೊಂಡೆ:
ಮೋಡ ಸೂರ್ಯನ ಬಾಗಿಲಲ್ಲ, ತೆಳು ಪರದೆ.

ದೀಪಾವಳಿ ಕಳೆದ ಮೇಲೆ ಬಂದಳು.
ಸನ್‌ಸ್ಕ್ರೀನ್. ಎರಡು ಬೆರಳುದ್ದ,
ಎರಡೆರಡು ತಾಸಿಗೊಮ್ಮೆ.
ದಿನಗೂಲಿ ಇಷ್ಟು, ಬಿಸಿಲು ಇಷ್ಟು ಎಂದು
ಬೆರಳ ಗೆಣ್ಣಿನಲ್ಲಿ ಎಣಿಸಿದಳು.
ಕೊಂಡ ಬೆಲೆಗೇ ಕೊಡುತ್ತೇನೆ ಅಂದೆ.
"ಬೇಡ. ಬಿಲ್ಲು ಹಾಕಿ."
ಬಿಲ್ಲು ಹರಿಯುತ್ತ ಕದ್ದು ನೋಡಿದೆ:
ಉರಿ ಇಳಿದಿದೆ.
ಬಂಗು ಇದೆ, ಕೊಂಚ ತೆಳುವಾಗಿ,
ಹಳೇ ಕ್ಯಾಲೆಂಡರು ತೆಗೆದ ಗೋಡೆಯ ಹಾಗೆ.
ಅವಳು ಅದನ್ನು ಮುಟ್ಟಿಕೊಳ್ಳಲಿಲ್ಲ.
ಮೊದಲೆಲ್ಲ ಮಾತಿನ ನಡುವೆ ಮುಟ್ಟಿಕೊಳ್ಳುತ್ತಿದ್ದಳು.

ನಿನ್ನೆ ಒಬ್ಬ ಹುಡುಗ.
ಅಕ್ಕನ ನಿಶ್ಚಿತಾರ್ಥ, ಇನ್ನು ಇಪ್ಪತ್ತೇ ದಿನ.
ಮೊಬೈಲಿನಲ್ಲಿ ಗುಲಾಬಿ ಮುಚ್ಚಳ ತೋರಿಸಿದ.
ಆರು ಟ್ಯೂಬು ನನ್ನ ಮೊಣಕಾಲಿಗೆ ತಾಗುವ
ಕೆಳಗಿನ ಖಾನೆಯಲ್ಲೇ ಇವೆ,
ಎಸೆಯಲೂ ಇಲ್ಲ, ಮರಳಿಸಲೂ ಇಲ್ಲ.
ಸ್ಟಾಕ್ ಇಲ್ಲ ಅಂದೆ.
ಅಕ್ಕನನ್ನು ಡಾಕ್ಟರ ಹತ್ತಿರ, ಅನ್ನುವಷ್ಟರಲ್ಲಿ
ಮೆಟ್ಟಿಲು ಇಳಿದಿದ್ದ.

ರಸ್ತೆಯಾಚೆ ಇನ್ನೊಂದು ಮೆಡಿಕಲ್ಲು,
ನನ್ನ ಭಾವಮೈದುನನದೇ.
ಹುಡುಗ ದಾಟಲು ನಿಂತ.
ಸಾಗರದ ಬಸ್ಸು ಜೋರಾಗಿ ಬರುತ್ತಿತ್ತು.
ಜಬೀನಾ ಕೈ ಎತ್ತಿ ತಡೆದಳು.
ಯಾವ ಬಿಸಿಲಿಗೂ ಕಪ್ಪಾಗದ ಅಂಗೈ,
ಬಸ್ಸಿಗೆ ತೋರಿಸಿದ್ದು,
ನನ್ನ ಅಂಗಡಿಯ ದಿಕ್ಕಿಗಿತ್ತು.